ಬೂಷ್ಟು ತಿನ್ನುವವನ ಮೇಲೆ ಸಿಟ್ಟೇಕೆ?

ಮನೆಯಲ್ಲಿ ಏನಾದರೂ ಕೆಟ್ಟರೆ ಅದರ ಅಪವಾದ ಹೊರಲು ಯಾರಾದರೊಬ್ಬರು ಬೇಕೇ ಬೇಕು. ಸಂಸಾರ ಎಂಬುದು ಶುರುವಾದಾಗಿನಿಂದ ನಡೆದುಬಂದ ಪದ್ಧತಿ ಇದು. ಹಾಲು ಕಡಿಮೆಯಾದರೆ ಬೆಕ್ಕು, ಚೀಲ ಹರಿದರೆ ಇಲಿ, ಸಾರಿಗೆ ಉಪ್ಪು ಹೆಚ್ಚಾದರೆ ಸೊಸೆ, ಕರೆಂಟು ಹೋದರೆ ಸರಕಾರ. ಇವರೆಲ್ಲರಿಗೂ ಒಂದೊಂದು ಆಸರೆ ಉಂಟು. ಬೆಕ್ಕಿನ ಪರವಾಗಿ ಮಕ್ಕಳು ವಾದಿಸುತ್ತಾರೆ. ಇಲಿಯ ಬೆನ್ನಿಗೆ ಸಾಕ್ಷಾತ್ ಗಣಪತಿಯೇ ಇದ್ದಾನೆ. ಸೊಸೆಗೆ ತವರಿದೆ. ಸರಕಾರಕ್ಕೆ ಯಾರು ಎಷ್ಟು ಬೈದರೂ ಕೇಳಿಸುವುದಿಲ್ಲ, ಅದೇ ಅದರ ಆಸರೆ. ಯಾವ ಆಸರೆಯೂ ಇಲ್ಲದೆ, ಮಾಡದ ತಪ್ಪಿಗೆ ವರ್ಷಾನುವರ್ಷ ಬೈಸಿಕೊಳ್ಳುತ್ತ ಬಂದಿರುವ ಜೀವ ಮಾತ್ರ ಬೇರೆಯೇ ಇದೆ. ಬಣ್ಣ ಕಂದು, ಗಾತ್ರ ಎಳ್ಳಿನ ಕಾಳಿನ ಅರ್ಧದಷ್ಟು. ಶ್ರಾವಣದ ಜಿಟಿಜಿಟಿಯಲ್ಲಿ ಹಸಿ ಗೋಡೆ, ಹಳೆಯ ಪುಸ್ತಕ, ತೇವ ಹಿಡಿದ ಕಾಳಿನ ಚೀಲ, ಹೀಗೆ ಎಲ್ಲಿ ನೋಡಿದರಲ್ಲಿ ಹಾಜರಾಗುತ್ತದೆ. ನಮ್ಮ ಬೀದರ್ ಕಡೆ ಅದನ್ನು ಗುರುತಿಟ್ಟು ಕರೆಯುವವರು ಯಾರೂ ಇಲ್ಲ. ಸಣ್ಣದೆಲ್ಲ ನುಸಿ, ದೊಡ್ಡದೆಲ್ಲ ಹುಳ, ಲೆಕ್ಕ ಮುಗಿಯಿತು.

ನನಗೆ ಇವುಗಳ ಪರಿಚಯವಾದದ್ದು ಬೀದರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಹೊಸದಾಗಿ ಕಟ್ಟಿಸಿದ ಕೋಣೆಯಲ್ಲಿ. ಮಿರಗದ ಮಳೆ ಬೀಳುವ ಹೊತ್ತಿಗೆ ಪ್ಲಾಸ್ಟರ್ ಮುಗಿದಿತ್ತು. ಬೀಗರು ಬರುವವರಿದ್ದರೆಂದು ಅದರ ಮೇಲೆಯೇ ಬಣ್ಣವೂ ಬಿತ್ತು. ಬೀಗರು ಬಂದರು, ಹೊಗಳಿದರು, ಉಂಡರು, ಹೋದರು. ಶ್ರಾವಣ ಬಂದಾಗ ಗೋಡೆಯ ಮೂಲೆಯಲ್ಲಿ ಬೂದುಬಣ್ಣದ ಒಂದು ನಕಾಶೆ ಮೂಡಿತು. ನಕಾಶೆಯ ಮೇಲೆ ಕಂದು ಬಣ್ಣದ ಪ್ರಜೆಗಳು ಓಡಾಡತೊಡಗಿದರು.

“ಏನ್ರೀ, ಹೊಸಾ ಗ್ವಾಡಿಗಿ ನುಸಿ ಹತ್ಯಾವ ನೋಡ್ರಿ. ಆ ಗೌಂಡಿ ಸಿಮೆಂಟಿನಾಗ ಏನ್ ಕಲಿಸ್ಯಾನೋ ಏನೋ!” ಎಂದು ಮನೆಯಾಕೆ ಮಾಳಿಗೆಯಿಂದಲೇ ಕೂಗಿದಳು. ಗೌಂಡಿಯನ್ನು ಕರೆಸಿದ್ದಾಯಿತು. ಅವನು ಗೋಡೆ ನೋಡಿದ, ನನ್ನನ್ನು ನೋಡಿದ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. “ಸರ, ನಾ ಹಾಕಿದ್ದು ಸಿಮೆಂಟ್ ಅದ. ಜ್ವಾಳದ ಹಿಟ್ಟಲ್ಲ” ಎಂದ. ಈ ಮಾತಿಗೆ ಎದುರು ಹೇಳುವುದು ಯಾರಿಂದಲೂ ಆಗಲಿಲ್ಲ. ಸಿಮೆಂಟು ತಿಂದು ಬದುಕುವ ಪ್ರಾಣಿ ಲೋಕದಲ್ಲಿ ಇದ್ದರೆ ಅದನ್ನು ಕಂತ್ರಾಟುದಾರರು ಇಷ್ಟರಲ್ಲಿ ಸಾಕಿಕೊಂಡಿರುತ್ತಿದ್ದರು.

ತಗಾದೆ ಬಗೆಹರಿಸಿದವನು ತೋಟಗಾರಿಕೆ ಓದುವ ನನ್ನ ತಂಗಿಯ ಮಗ. ಅವನ ಜೇಬಿನಲ್ಲಿ ಸದಾ ಒಂದು ಸಣ್ಣ ಭೂತಗನ್ನಡಿ ಇರುತ್ತದೆ. ಅದರಲ್ಲಿ ಅವನು ನಮ್ಮ ಮನೆಯ ದಾಸವಾಳದಿಂದ ಹಿಡಿದು ನನ್ನ ಮೂಗಿನ ಮೇಲಿನ ಮಚ್ಚೆಯವರೆಗೆ ಎಲ್ಲವನ್ನೂ ಪರೀಕ್ಷಿಸಿದ್ದಾನೆ. ಬಣ್ಣದ ಕುಂಚದ ತುದಿಯನ್ನು ನೀರಿಗೆ ತಾಗಿಸಿ, ಒಂದು ಹುಳವನ್ನು ಮೆಲ್ಲಗೆ ಎತ್ತಿ ಬಿಳಿ ಹಾಳೆಯ ಮೇಲಿಟ್ಟ. “ನೋಡ್ರಿ ಮಾಮಾ” ಎಂದು ಗಾಜು ನನ್ನ ಕೈಗೆ ಕೊಟ್ಟ.

ಬರಿಗಣ್ಣಿಗೆ ಧೂಳಿನ ಕಣವಾಗಿದ್ದದ್ದು ಗಾಜಿನಡಿಯಲ್ಲಿ ಅಚ್ಚುಕಟ್ಟಾದ ಒಂದು ದುಂಬಿಯಾಯಿತು. ತಲೆ ಮತ್ತು ಎದೆ ಇಕ್ಕಟ್ಟು, ಹಿಂದಿನ ಮೈ ಅಗಲ. ಬೆನ್ನ ಮೇಲೆ ಗಟ್ಟಿ ರೆಕ್ಕೆಗಳ ಎರಡು ಮುಚ್ಚಳ, ಅವುಗಳ ಉದ್ದಕ್ಕೂ ಸಾಲುಸಾಲಾಗಿ ಕೊರೆದಿಟ್ಟ ಚುಕ್ಕಿಗಳು. ಮೀಸೆಯ ತುದಿಯಲ್ಲಿ ಪುಟ್ಟದೊಂದು ಗಂಟು. ಅದು ಓಡಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. ಹಾಳೆಯ ಅಂಚಿನವರೆಗೆ ನಿಧಾನವಾಗಿ ನಡೆದು ನಿಂತಿತು. ಗೋಡೆಯಿಂದ ಕೆರೆದ ಬೂಷ್ಟಿನ ಒಂದು ಚೂರನ್ನು ಅಳಿಯ ಅದರ ಮುಂದೆ ಹಾಕಿದ. ಹುಳ ಮೀಸೆ ಆಡಿಸಿತು, ಆ ಬೂದು ನೂಲಿನೊಳಗೆ ತಲೆ ತೂರಿಸಿತು, ಮತ್ತೆ ಎತ್ತಲಿಲ್ಲ. ಉಣ್ಣುವಾಗ ಮಾತಾಡಬಾರದು ಎಂದು ನಮ್ಮ ಹಿರಿಯರು ಹೇಳಿದ್ದನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ನೋಡಿಲ್ಲ.

“ಇವು ಗ್ವಾಡಿ ತಿನ್ನಂಗಿಲ್ರಿ ಮಾಮಾ. ಗ್ವಾಡಿಗಿ ಬಂದ ಬೂಷ್ಟ್ ತಿಂತಾವ. ಬೂಷ್ಟ್ ಇಲ್ಲಂದ್ರ ಇವೂ ಇಲ್ಲ” ಎಂದ ಅಳಿಯ. ಅಲ್ಲಿಗೆ ಗೌಂಡಿಯೂ ಪಾರು, ಹುಳವೂ ಪಾರು. ತೀರ್ಪು ಬೀಗರ ಕಡೆ ಹೊರಳುವ ಲಕ್ಷಣ ಕಂಡದ್ದರಿಂದ ನಾನು ಚಹಾಕ್ಕೆ ಹೇಳಿದೆ.

ಈ ದುಂಬಿಗಳ ವಂಶಕ್ಕೆ ಪ್ರಾಣಿಶಾಸ್ತ್ರದವರು ಲ್ಯಾಟ್ರಿಡಿಯಿಡೀ ಎನ್ನುತ್ತಾರೆ. 1842ರಲ್ಲಿ ಎರಿಕ್ಸನ್ ಎಂಬ ಜರ್ಮನ್ ವಿದ್ವಾಂಸ ಇವನ್ನು ಒಂದು ಕುಟುಂಬವಾಗಿ ಕೂಡಿಸಿದ. ಲೋಕದಾದ್ಯಂತ ಈ ಕುಟುಂಬದಲ್ಲಿ ಒಂದು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಯಾವುದೂ ಮೂರು ಮಿಲಿಮೀಟರ್ ದಾಟುವುದು ಅಪರೂಪ. ತಾಯಿ, ತಂದೆ, ಮರಿ ಎಲ್ಲರ ಊಟವೂ ಒಂದೇ: ಬೂಷ್ಟಿನ ನೂಲು ಮತ್ತು ಅದರ ಬೀಜಕಣ. ಮರಿಗೊಂದು ಅಡುಗೆ, ಅಪ್ಪನಿಗೊಂದು ಅಡುಗೆ ಎಂಬ ತಾಪತ್ರಯವಿಲ್ಲದ ಕುಟುಂಬ. ಕಾಡಿನಲ್ಲಿ ಉದುರಿದ ಎಲೆಯ ಕೆಳಗೆ, ಸತ್ತ ಮರದ ತೊಗಟೆಯಡಿ, ಹುಲ್ಲಿನ ಬಣವೆಯ ಬುಡದಲ್ಲಿ ಇವುಗಳ ಮೂಲ ಮನೆ. ಮನುಷ್ಯ ಗೋಡೆ ಕಟ್ಟಿ, ಅದಕ್ಕೆ ನೀರು ಕುಡಿಸಿ, ಕಿಟಕಿ ಮುಚ್ಚಿ, ಕಾಡಿನ ನೆಲದ ಹವೆಯನ್ನು ಒಳಕೋಣೆಗೇ ತಂದುಕೊಟ್ಟ ಮೇಲೆ ಇವೂ ಒಳಗೆ ಬಂದವು. ಹೊಸ ಮನೆಯ ಹಸಿ ಗೋಡೆಯಲ್ಲಿ ಹೆಚ್ಚಾಗಿ ಕಾಣುವುದರಿಂದ ಇಂಗ್ಲಿಷಿನವರು ಇವನ್ನು ಪ್ಲಾಸ್ಟರ್ ದುಂಬಿ ಎಂದೇ ಕರೆದರು. ನಮ್ಮ ಗೌಂಡಿಗೆ ಬಂದ ಅಪವಾದ ಲಂಡನ್ನಿನ ಗೌಂಡಿಗೂ ಬಂದಿತ್ತೆಂದು ಇದರಿಂದ ತಿಳಿಯುತ್ತದೆ.

ಬೂಷ್ಟು, ಅಣಬೆ ತಿನ್ನುವ ದುಂಬಿಗಳ ವಂಶ ಇದೊಂದೇ ಅಲ್ಲ. ಕೆಂಪು, ಕಿತ್ತಳೆ, ಕಪ್ಪು ಪಟ್ಟೆ ಹೊತ್ತು ಮೆರೆಯುವ ದೊಡ್ಡ ಅಣಬೆ ದುಂಬಿಗಳೂ ಇವೆ. ಬ್ರಿಟಿಷರ ಕಾಲದಲ್ಲಿ ಭಾರತದ ಪ್ರಾಣಿಗಳ ಬಗ್ಗೆ ಬಂದ ದೊಡ್ಡ ಗ್ರಂಥಮಾಲೆಯಲ್ಲಿ, 1925ರಲ್ಲಿ, ಜಿ. ಜೆ. ಆರೋ ಎಂಬವರು ಅಂಥ ಅಣಬೆ ದುಂಬಿಗಳ ಮೇಲೆ ಇಡೀ ಒಂದು ಸಂಪುಟ ಬರೆದರು. ನಮ್ಮ ಗೋಡೆಯ ಬಡಪಾಯಿಗಳ ವಂಶಕ್ಕೆ ಅದರಲ್ಲಿ ಜಾಗವಿಲ್ಲ. ಬಣ್ಣವಿದ್ದವರಿಗೆ ಸಂಪುಟ, ಇಲ್ಲದವರಿಗೆ ಚಪ್ಪಲಿ ಏಟು. ಲೋಕರೂಢಿ ದುಂಬಿಗಳ ಲೋಕದಲ್ಲೂ ಬದಲಾಗುವುದಿಲ್ಲ.

ಬೂಷ್ಟು ತಿನ್ನುತ್ತವೆ ಅಂದಾಕ್ಷಣ ಮುಖ ಕಿವುಚುವವರನ್ನು ಕಂಡರೆ ನನಗೆ ನಗು ಬರುತ್ತದೆ. ಬೀದರಿನ ಯಾವ ಖಾನಾವಳಿಗೆ ಹೋದರೂ ಈಗ ಮಶ್ರೂಮ್ ಮಸಾಲಾ ಸಿಗುತ್ತದೆ. ಮದುವೆಯ ಊಟದಲ್ಲಿ ಅದರ ಮುಂದೆ ಸಾಲು ಉದ್ದ, ಹುಗ್ಗಿಯ ಮುಂದೆ ಗಿಡ್ಡ. ಅದೂ ಶಿಲೀಂಧ್ರವೇ, ಅಡುಗೆಭಟ್ಟರು ಎಣ್ಣೆ, ಮಸಾಲೆ ಹಾಕಿದ್ದಾರೆ, ಅಷ್ಟೇ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನ ತಟ್ಟೆಯಲ್ಲಿ ಬೆಳೆದ ಬೂಷ್ಟನ್ನು ತೊಳೆದು ಚೆಲ್ಲದೆ ದಿಟ್ಟಿಸಿ ನೋಡಿದ್ದರಿಂದ ಪೆನಿಸಿಲಿನ್ ಸಿಕ್ಕಿತು. ಮನುಷ್ಯ ತನಗೆ ಬೇಕಾದಾಗ ಬೂಷ್ಟನ್ನು ಔಷಧಿ ಎನ್ನುತ್ತಾನೆ, ಹಸಿವಾದಾಗ ಪಲ್ಯ ಎನ್ನುತ್ತಾನೆ. ಹುಳ ತಿಂದರೆ ಹೊಲಸು ಎನ್ನುತ್ತಾನೆ.

ಇರಲಿ, ಗೋಡೆಗೆ ಬರೋಣ. ಬೂಷ್ಟಿನ ಬೀಜಕಣ ಗಾಳಿಯಲ್ಲಿ ಎಲ್ಲ ಕಾಲದಲ್ಲೂ ತೇಲುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಕೂಡಲು ಒಂದಿಷ್ಟು ತೇವದ ಜಾಗ, ತಿನ್ನಲು ಬಣ್ಣದೊಳಗಿನ ಅಂಟೋ ಧೂಳೋ. ಕೋಣೆಯ ಹವೆಯಲ್ಲಿ ತೇವ ನೂರಕ್ಕೆ ಎಪ್ಪತ್ತು ದಾಟಿ ಬಹಳ ದಿನ ನಿಂತರೆ ಬೂಷ್ಟು ಬೇರು ಬಿಡುತ್ತದೆ. ಹೊಸ ಪ್ಲಾಸ್ಟರಿನ ಹೊಟ್ಟೆಯಲ್ಲಿ ವಾರಗಟ್ಟಲೆ ನೀರಿರುತ್ತದೆ. ಅದು ಹೊರಬೀಳುವ ಮುಂಚೆ ಬಣ್ಣ ಬಳಿದು, ಗೋಡೆಗೆ ಅಂಟಿಸಿ ಕಪಾಟು ನಿಲ್ಲಿಸಿದರೆ ಬೂಷ್ಟಿಗೆ ಹಬ್ಬ. ಬೂಷ್ಟು ಬಂದ ಮೇಲೆ ದುಂಬಿ ಬರುತ್ತದೆ, ಸೆಖೆ ಮತ್ತು ತೇವ ಎರಡೂ ಕೂಡಿಬಂದರೆ ತಿಂಗಳೊಪ್ಪತ್ತಿನಲ್ಲಿ ಮೊಟ್ಟೆಯಿಂದ ಇನ್ನೊಂದು ಪೀಳಿಗೆ ಏಳುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ಅರಿವೆ ಕತ್ತರಿಸುವುದಿಲ್ಲ. ಗೋಡೆ ಒಣಗಿತೆಂದರೆ ಬೂಷ್ಟು ಸಾಯುತ್ತದೆ, ಊಟ ತೀರಿದ ದುಂಬಿಯೂ ಉಳಿಯುವುದಿಲ್ಲ. ಯಾರೂ ನೋಟಿಸ್ ಕೊಡದೆ ತಾವಾಗಿ ಮನೆ ಖಾಲಿ ಮಾಡುವ ಬಾಡಿಗೆದಾರರು ಇವರೊಬ್ಬರೇ ಇರಬೇಕು.

ನೋಡಿದರೆ ನಮ್ಮ ಬೀದರ್ ನಿಂತಿರುವುದೇ ಒಣಗುವಿಕೆಯ ಮೇಲೆ. ಊರು ಕೂತಿರುವ ಗುಡ್ಡ ಜಂಬಿಟ್ಟಿಗೆಯದು. ಈ ಕೆಂಪು ಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ, ಕೊಯ್ದು ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಬಹಮನಿ ಸುಲ್ತಾನ ಅಹಮದ್ ಶಾಹ ಕಲಬುರಗಿ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದಾಗ ಅವನಿಗೆ ಈ ಕಲ್ಲಿನ ಗುಣವೂ ಇಲ್ಲಿಯ ಗಾಳಿಯೂ ಹಿಡಿಸಿರಬೇಕು. ಬಿದರಿ ಕಸಬಿನವರನ್ನು ಕೇಳಿ. ಸತುವು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಅದನ್ನು ಕಡುಗಪ್ಪು ಮಾಡುವುದು ಕೋಟೆಯೊಳಗಿನ ಮಣ್ಣಿನಿಂದ. ಎಲ್ಲೆಂದರಲ್ಲಿಯ ಮಣ್ಣು ನಡೆಯದು, ಮಳೆ ಬಿಸಿಲು ತಾಕದ ಜಾಗದ್ದೇ ಆಗಬೇಕು. ಅದರಲ್ಲಿ ಪೆಟ್ಲುಪ್ಪಿನ ಅಂಶ ಉಳಿದಿರುತ್ತದೆ. ಮಣ್ಣನ್ನು ನಾಲಗೆಗೆ ತಾಗಿಸಿ ರುಚಿ ನೋಡಿ ಆರಿಸುವ ಕುಶಲಿಗಳಿದ್ದಾರೆ. ಮಳೆ ನೀರು ಹರಿದರೆ ಆ ಉಪ್ಪು ಕರಗಿ ಹೋಗುತ್ತದೆ, ಕಪ್ಪೂ ಹೋಗುತ್ತದೆ. ಊರಿಗೆ ಲೋಕದಲ್ಲಿ ಹೆಸರು ತಂದ ಬಣ್ಣವೇ ನೀರು ತಾಕದ ಮಣ್ಣಿನದು.

ಅದೇ ಪೆಟ್ಲುಪ್ಪು ಮದ್ದಿನಪುಡಿಯೊಳಗೂ ಇರುತ್ತದೆ. ಮದ್ದು ಅಂದಾಗ ಮಹಮೂದ್ ಗಾವಾನನ ಮದರಸಾ ನೆನಪಾಗದೆ ಇರದು. ಪರ್ಶಿಯಾದ ಗೀಲಾನಿನಿಂದ ಬಂದು ಬಹಮನಿಯರ ವಜೀರನಾದ ಈ ಪುಣ್ಯಾತ್ಮ 1472ರಲ್ಲಿ ಮೂರು ಅಂತಸ್ತಿನ ವಿದ್ಯಾಲಯ ಕಟ್ಟಿಸಿದ. ನೀಲಿ, ಹಸಿರು, ಹಳದಿ ಹೆಂಚುಗಳ ತುಣುಕು ಇಂದಿಗೂ ಅದರ ಗೋಡೆಯಲ್ಲಿ ಮಿನುಗುತ್ತವೆ. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಹಳೆಯ ಗ್ರಂಥ ಇದ್ದಲ್ಲಿ, ಮಳೆಗಾಲದಲ್ಲಿ, ನಮ್ಮ ದುಂಬಿಯ ಪೂರ್ವಜರು ಇಣುಕದೇ ಇದ್ದಾರೆಯೇ? ಆದರೆ ಇಣುಕಿದ್ದರೂ ಅವು ನೆಕ್ಕಿದ್ದು ಅಟ್ಟೆಯ ಅಂಟಿನ ಮೇಲಿನ ಬೂಷ್ಟನ್ನೇ ಹೊರತು ಅಕ್ಷರವನ್ನಲ್ಲ. ಆ ಕಟ್ಟಡದ ಮುಂಭಾಗದ ಅರ್ಧವನ್ನು ಹಾರಿಸಿಬಿಟ್ಟದ್ದು ಹದಿನೇಳನೆಯ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಸೈನಿಕರು ಅಲ್ಲಿ ತುಂಬಿಟ್ಟಿದ್ದ ಮದ್ದು. ಆ ವರ್ಷ ಮದ್ದಿಗೆ ಒಂದಿಷ್ಟು ಬೂಷ್ಟು ಹಿಡಿದಿದ್ದರೆ ನಮಗೆ ಇಂದು ಎರಡೂ ಮಿನಾರುಗಳು ನೋಡಲು ಸಿಗುತ್ತಿದ್ದವು. ತೇವಕ್ಕೂ ಒಂದು ಒಳ್ಳೆಯ ಹೊತ್ತು ಇರುತ್ತದೆ. ಅಂಥ ಹೊತ್ತು ತಪ್ಪಿಹೋದದ್ದು ಅಂದು.

ಕಾಗದದ ಮಾತು ಬಂತು. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು, ಹಾಗಾಗಿ ಹಳೆಯ ಜಮೀನಿನ ದಾಖಲೆಗಳು ಉರ್ದುವಿನಲ್ಲಿವೆ. ಅವನ್ನು ಓದುವವರು ಈಗ ವಿರಳ, ಹುಡುಕುವವರು ಇನ್ನೂ ವಿರಳ. ಒಮ್ಮೆ ಒಂದು ಕಚೇರಿಯಲ್ಲಿ ಮುತ್ಯಾನ ಕಾಲದ ಒಂದು ಕಾಗದ ಬೇಕೆಂದು ಕೇಳಿದಾಗ ಗುಮಾಸ್ತರು ಕುರ್ಚಿಯಿಂದ ಏಳದೆಯೇ, “ಅದಾ? ಅದು ಹುಳಾ ತಿಂದಾವ್ರಿ” ಎಂದರು. ಯಾವ ಹುಳ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗೆದ್ದಲು ತಿನ್ನುತ್ತದೆ, ಬೆಳ್ಳಿಮೀನು ಎಂಬ ಕಪಾಟಿನ ಹುಳವೂ ಕಾಗದ ಕೆರೆಯುತ್ತದೆ, ಇದು ನಿಜ. ಆದರೆ ಕಟ್ಟು ಬಿಚ್ಚಿದಾಗ ಹಾಳೆಗಳ ನಡುವೆ ಓಡಾಡುವ ಆ ಕಂದು ಚುಕ್ಕಿಗಳಿಗೆ ಪಹಣಿಯಲ್ಲಿ ಯಾವ ಆಸಕ್ತಿಯೂ ಇಲ್ಲ. ಮಾಡು ಸೋರಿ ಕಟ್ಟು ತೊಯ್ದದ್ದರಿಂದ ಅವು ಬಂದವು. ತೊಯ್ದದ್ದನ್ನು ಬರೆಯಲು ಕಡತದಲ್ಲಿ ಕಲಂ ಇಲ್ಲ, ಹುಳ ತಿಂದದ್ದಕ್ಕೆ ಇದೆ.

ಅಳಿಯನಿಗೂ ಇದೇ ಹುಳದ ಜೊತೆ ಹಳೆಯ ವ್ಯವಹಾರವಿತ್ತಂತೆ. ಮೊದಲ ವರ್ಷ ಅವರಿಗೆ ಗಿಡಗಳನ್ನು ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಹರ್ಬೇರಿಯಂ ಮಾಡಿ ತರುವ ಕೆಲಸ. ಮಳೆಗಾಲ, ಹಾಸ್ಟೆಲಿನ ಹಾಸಿಗೆಯಡಿ ಒತ್ತಿಟ್ಟ ಗಿಡ, ದಿನವೂ ಕಾಗದ ಬದಲಿಸುವ ಬೇಸರ. ಸಂಗಡಿಗರ ಕಟ್ಟುಗಳು ಬಿಚ್ಚಿಕೊಂಡಾಗ ಗಿಡಕ್ಕಿಂತ ದುಂಬಿಗಳೇ ಹೆಚ್ಚು. ಜಗತ್ತಿನ ದೊಡ್ಡ ದೊಡ್ಡ ಸಸ್ಯಸಂಗ್ರಹಗಳಿಗೂ ಈ ವಂಶದ ಕೆಲವು ಜಾತಿಗಳು ಹಳೆಯ ಅತಿಥಿಗಳು. ಅಲ್ಲಿ ಅವು ಬಂದರೆ ಮೇಲ್ವಿಚಾರಕರು ಮೊದಲು ನೋಡುವುದು ತೇವದ ಮಾಪಕವನ್ನು. ಹಾಸ್ಟೆಲಿನಲ್ಲಿ ಮೊದಲು ನೋಡಿದ್ದು ವಾರ್ಡನ್ನರ ಮುಖವನ್ನು.

ನಮ್ಮ ಮೂಲ ಮನೆ ಭಾಲ್ಕಿಯಲ್ಲಿ. ಅಲ್ಲಿ ನಮ್ಮ ಆಯಿ ಇದ್ದಷ್ಟು ಕಾಲ ಮನೆಯೊಳಗೆ ತೇವಕ್ಕೆ ಪ್ರವೇಶವಿರಲಿಲ್ಲ. ಬ್ಯಾಸಗಿ ಬಂತೆಂದರೆ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ: ಒಂದು ಕಡೆ ತೊಗರಿ, ಒಂದು ಕಡೆ ಕಡಲೆ, ನಡುವೆ ಶ್ಯಾವಿಗೆ, ಹಪ್ಪಳ, ಸಂಡಿಗೆ, ಕಾಯಲು ಒಬ್ಬ ಮೊಮ್ಮಗ. ಕಾಳು ಒಣಗಿತೋ ಇಲ್ಲವೋ ನೋಡಲು ಆಯಿ ಒಂದನ್ನು ಹಲ್ಲಿನಡಿ ಇಟ್ಟು ಕಡಿಯುತ್ತಿದ್ದಳು. ಕಟ್ ಎಂದು ಎರಡಾದರೆ ಕಣಜಕ್ಕೆ, ಮೆತ್ತಗೆ ಒತ್ತಿಕೊಂಡರೆ ಮತ್ತೆ ಬಿಸಿಲಿಗೆ. ಕೊನೆಗಾಲದಲ್ಲಿ ಹಲ್ಲು ಹೋದ ಮೇಲೆ ಕಡಿಯುವ ಕೆಲಸ ಸೊಸೆಯಂದಿರಿಗೆ ಬಂತು, ಸಪ್ಪಳ ಕೇಳಿ ತೀರ್ಪು ಕೊಡುವ ಅಧಿಕಾರ ಆಯಿಯ ಬಳಿಯೇ ಉಳಿಯಿತು. ಬೇವಿನ ಎಲೆ, ಒಲೆಯ ಬೂದಿ ಕಾಳಿನ ಜೊತೆ ಒಳಗೆ ಹೋಗುತ್ತಿದ್ದವು. ನಮ್ಮ ಕಡೆಯ ಖಡಕ್ ರೊಟ್ಟಿಯನ್ನು ನೋಡಿ. ತಿಂಗಳುಗಟ್ಟಲೆ ಗಂಟು ಕಟ್ಟಿ ತೂಗುಹಾಕಿದರೂ ಬೂಷ್ಟು ಅದರ ಹತ್ತಿರ ಸುಳಿಯುವುದಿಲ್ಲ. ಒಳಗೆ ಹನಿ ತೇವ ಉಳಿಸದಂತೆ ಸುಟ್ಟಿರುತ್ತಾರೆ. ಫ್ರಿಜ್ ಬರುವ ಎಷ್ಟೋ ಮೊದಲು ನಮ್ಮ ಹೆಣ್ಣುಮಕ್ಕಳು ಮಾಡಿಟ್ಟ ಶೋಧ ಅದು.

ಗಂಡಸರ ಕಡೆ ಹಗೇವು ಇತ್ತು. ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದಾಗ ಒಮ್ಮೆಗೇ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು, ಆರದಿದ್ದರೆ ಮನುಷ್ಯ ಇಳಿಯಬೇಕು. ನಡುವಿನ ಜೋಳ ಹೊಳೆಯುತ್ತ ಬರುತ್ತಿತ್ತು. ಗೋಡೆಗೆ ತಾಗಿದ, ಬಾಯಿಯ ಹತ್ತಿರದ ಜೋಳ ಬೂಷ್ಟು ಹಿಡಿದು ಹೆಂಟೆಗಟ್ಟಿರುತ್ತಿತ್ತು. ಕಂದು ಹುಳ ಇರುತ್ತಿದ್ದದ್ದು ಆ ಅಂಚಿನ ಜೋಳದಲ್ಲಿ. ಎಲ್ಲಿಯವರೆಗೆ ಹುಳ, ಅಲ್ಲಿಯವರೆಗೆ ಬೇರೆ ಬುಟ್ಟಿ. ಆ ಹುಳವನ್ನು ಹಿರಿಯರು ಬೈಯುತ್ತಿರಲಿಲ್ಲ, ಅದರ ಗಡಿ ನೋಡಿ ಜೋಳ ಆರಿಸುತ್ತಿದ್ದರು.

ಭಾಲ್ಕಿ ಅಂದ ಮೇಲೆ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಶಾಲೆಯ ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು. ಹೊರಗಿನ ಬೋರ್ಡಿಗಿಂತ ಒಳಗಿನದು ಮೇಲಾಗಿದ್ದ ಪುಣ್ಯದ ಕಾಲ ಅದು. ಈಗ ಪೇಟೆಗೆ ಬರುವ ಚೀಲಗಳ ಕಥೆ ತಿರುವುಮುರುವು. ಬಾಯಿಯ ಬಳಿ ಒಣ ಕಾಳು, ನಡುವೆ ಹಸಿ ಕಾಳು. ಆ ಒಳಗನ್ನು ಓದಲು ನಮ್ಮ ದುಂಬಿಯೇ ಬರಬೇಕು.

ಈ ಚೀಲದ ವಿದ್ಯೆ ನಾನು ಕಲಿತದ್ದು ಔರಾದಿನಲ್ಲಿ, ಅಂದರೆ ಮಾವನ ಮನೆಯಲ್ಲಿ. ಕರ್ನಾಟಕದ ನಕ್ಷೆಯಲ್ಲಿ ಎಲ್ಲಕ್ಕಿಂತ ಮೇಲೆ ಕೂತ ತಾಲ್ಲೂಕು ಇದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಒಂದೇ ಕಟ್ಟೆಯ ಮೇಲೆ ಮಳೆಯನ್ನು ಕನ್ನಡದಲ್ಲಿ ಕರೆದು, ಮರಾಠಿಯಲ್ಲಿ ಬೈದು, ತೆಲುಗಿನಲ್ಲಿ ಬೀಳ್ಕೊಡುತ್ತಾರೆ. ಹೆಸರು, ಉದ್ದು ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಈಗ ಸೋಯಾ ಅವರೆಯದೇ ರಾಜ್ಯ. ಸೋಯಾ ಕೊಯ್ಲಿಗೆ ಬರುವುದು ಸರಿಯಾಗಿ ಉತ್ತರಿ, ಹಸ್ತದ ಮಳೆಗಳ ನಡುವೆ. ಕೊಯ್ದು ಕೂಡಿಹಾಕಿದ ಬಣವೆ, ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಮಳೆ. ಮಳೆ ನಿಂತ ಮೇಲೆ ಮುಚ್ಚಿದ್ದು ತೆಗೆಯಲು ಎರಡು ದಿನ ತಡವಾದರೂ ಸಾಕು, ಬಣವೆಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ. ತಾಡಪತ್ರಿ ನೀರನ್ನು ಒಳಗೆ ಬಿಡುವುದಿಲ್ಲ ನಿಜ, ಒಳಗಿನದನ್ನು ಹೊರಗೂ ಬಿಡುವುದಿಲ್ಲ.

ಅಲ್ಲಿ ಕಾಣುವ ದುಂಬಿ ಗೋಡೆಯವನ ಖಾಸಾ ಕುಟುಂಬದವನಲ್ಲ. ಪಕ್ಕದ ಮನೆಯ ಮೈಸೆಟೋಫ್ಯಾಜಿಡೀ ಕುಟುಂಬದವನು, ಟೈಫಿಯಾ ಎಂದು ಹೆಸರು. ಊಟ ಮಾತ್ರ ಅದೇ. ಎರಡೂವರೆ, ಮೂರು ಮಿಲಿಮೀಟರ್ ಉದ್ದ, ಮೈತುಂಬ ನವಿರಾದ ಕೂದಲು. ಜೀವವಿಜ್ಞಾನಿ ಲಿನೇಯಸ್ ಇದನ್ನು ಮೊದಲು ವರ್ಣಿಸಿದ್ದು 1758ರಲ್ಲಿ, ಪ್ಲಾಸಿ ಕದನದ ಮರುವರ್ಷ. ಆ ಕದನದಲ್ಲಿ ಗೆದ್ದ ಕಂಪನಿ ಬಂದು ಹೋಯಿತು, ಹುಳ ಇನ್ನೂ ಇದೆ. ಇದರಲ್ಲಿ ಗಂಡಿಗೂ ಹೆಣ್ಣಿಗೂ ಭೇದ ತಿಳಿಯಬೇಕಾದರೆ ಪಾದ ಎಣಿಸಬೇಕು. ಹೆಣ್ಣಿನ ಆರೂ ಪಾದಗಳಲ್ಲಿ ನಾಲ್ಕು ನಾಲ್ಕು ಗೆಣ್ಣು. ಗಂಡಿನ ಮುಂಗಾಲುಗಳಲ್ಲಿ ಮೂರೇ. ಈ ಸಂಗತಿಯನ್ನು ಅಳಿಯ ಔರಾದಿನ ಅಂಗಳದಲ್ಲಿ ಬಿಡಿಸಿ ಹೇಳಿದಾಗ ನಮ್ಮ ಅತ್ತೆ, “ಗಂಡಸರಿಗಿ ಒಂದು ಕಡಿಮಿ ಇರಾದು ಹೊಸಾ ಮಾತೇನಪ್ಪಾ?” ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಪೇಟೆಯ ಕಥೆ ಇನ್ನೊಂದು. ಮಾವನವರ ಜೊತೆ ನಾನೂ ಚೀಲಗಳ ಹಿಂದೆ ಒಂದು ಅಡತ ಅಂಗಡಿಗೆ ಹೋಗಿದ್ದೆ. ಖರೀದಿದಾರ ಚೀಲಕ್ಕೆ ಮೊನೆಯ ಕೊಳವೆ ಚುಚ್ಚಿ ಹಿಡಿಕಾಳು ತೆಗೆದು ಅಂಗೈಯಲ್ಲಿ ಹರವಿದ. ಕಾಳುಗಳ ನಡುವಿಂದ ಎರಡು ಟೈಫಿಯಾ ಎದ್ದು ಬೆರಳಿನ ಕಡೆ ನಡೆದವು. “ಕಾಕಾ, ಮಾಲಿಗಿ ಹುಳಾ ಬಿದ್ದಾವಲ್ಲ” ಎಂದು ಅವನು ದರ ಇಳಿಸಿದ. ಮಾವ ಮೀಸೆ ತಿರುವಿ, “ಹುಳಾ ಏನ್ ತಿಂದಾವ ತೋರಸು. ಒಂದ್ ಕಾಳಿಗಿ ತೂತು ಬಿದ್ದದೇನು?” ಎಂದರು. ತೂತು ಬಿದ್ದ ಕಾಳು ಒಂದೂ ಸಿಗಲಿಲ್ಲ. ಆದರೆ ತೇವಾಂಶದ ಮಷೀನು ತನ್ನ ಅಂಕಿ ತೋರಿಸಿತು, ಮಾವ ಸುಮ್ಮನಾದರು. ವಾದದಲ್ಲಿ ಇಬ್ಬರೂ ಗೆದ್ದಂತೆ: ಹುಳ ಕಾಳು ತಿಂದಿರಲಿಲ್ಲ, ಕಾಳು ಹಸಿಯಾಗಿತ್ತು. ಬೆಂಬಲ ಬೆಲೆಯ ಖರೀದಿಗೆ ಸೋಯಾದಲ್ಲಿ ತೇವ ನೂರಕ್ಕೆ 12 ದಾಟಬಾರದೆಂಬುದು ರೂಢಿಯ ನಿಯಮ. 2024ರ ಮುಂಗಾರು ಬೆಳೆಗೆ ಕೇಂದ್ರ ಸರಕಾರ ಅದನ್ನು 15ಕ್ಕೆ ಸಡಿಲಿಸಿತು. ರೈತರಿಗೆ ಅದರಿಂದ ಉಪಕಾರವಾಯಿತು. ಬೂಷ್ಟು ಮಾತ್ರ ಆದೇಶ ಓದುವುದಿಲ್ಲ, ತನ್ನ ಹಳೆಯ ನಿಯಮವನ್ನೇ ಹಿಡಿದಿದೆ.

ನಗುವಿನ ನಡುವೆ ಒಂದು ಗಂಭೀರ ಮಾತು ಹೇಳಲೇಬೇಕು. ಕೆಲವು ಬೂಷ್ಟು ನಿಜಕ್ಕೂ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕದ್ದು ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಷ್ಟು, ಅದು ಕಾರಿದ ಅಫ್ಲಾಟಾಕ್ಸಿನ್ ಎಂಬ ವಿಷ. ಶೇಂಗಾ, ಜೋಳ, ಮೆಕ್ಕೆಜೋಳ ಯಾವುದನ್ನೇ ಹಸಿಯಾಗಿಟ್ಟರೂ ಈ ಅಪಾಯ ಇದ್ದೇ ಇದೆ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಹುಳ. ಚೀಲದೊಳಗೆ ಬೂಷ್ಟು ತಿನ್ನುವ ದುಂಬಿ ಇದೆಯೆಂದರೆ ಅಲ್ಲಿ ಬೂಷ್ಟು ಇದೆ, ಬೂಷ್ಟಿದೆಯೆಂದರೆ ತೇವ ಇದೆ. ಕಾಸು ಕೇಳದೆ ಇಷ್ಟನ್ನು ಹೇಳಿಹೋಗುವ ಈ ಹುಳಕ್ಕೆ ನಾವು ಕೊಡುವ ಸಂಬಳ ಔಷಧಿಯ ಸಿಂಪರಣೆ. ಔಷಧಿ ಹೊಡೆದರೆ ದುಂಬಿ ಸಾಯುತ್ತದೆ, ಬೂಷ್ಟು ಉಳಿಯುತ್ತದೆ. ಆಮೇಲೆ ಅದನ್ನು ತಿನ್ನುವವರೂ ಇಲ್ಲ, ಇದೆಯೆಂದು ಹೇಳುವವರೂ ಇಲ್ಲ. ತಿನ್ನಲು ಉಳಿಯುವವರು ನಾವು.

ನಮ್ಮ ಮಾಳಿಗೆಯ ಕೋಣೆಗೆ ಏನೂ ಹೊಡೆಸಲಿಲ್ಲ. ಗೌಂಡಿಯ ಸಲಹೆಯಂತೆ ಕಿಟಕಿ ತೆರೆದಿಟ್ಟು, ಫ್ಯಾನು ಹಚ್ಚಿ, ಕಪಾಟನ್ನು ನಡುಮನೆಗೆ ಸಾಗಿಸಿದೆವು. ದೀಪಾವಳಿಯ ಹೊತ್ತಿಗೆ ನಕಾಶೆ ಒಣಗಿ ಪುಡಿಯಾಯಿತು, ಅದರ ಪ್ರಜೆಗಳೂ ಹೇಳದೆ ಕೇಳದೆ ವಲಸೆ ಹೋದರು. ಕಪಾಟು ನಡುಮನೆಯಲ್ಲೇ ಉಳಿದು ಬಂದವರ ಮೊಣಕಾಲಿಗೆ ಬಡಿಯುತ್ತಿದೆ. ಅದರ ಅಪವಾದ ಯಾರಿಗೆ ಹೋಗಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಮಳೆಗಾಲದಲ್ಲಿ ಗೋಡೆಯ ಮೇಲೋ ಚೀಲದೊಳಗೋ ಈ ಕಂದು ಚುಕ್ಕಿಗಳು ಓಡಾಡುವುದು ಕಂಡರೆ ಸ್ಪ್ರೇ ಡಬ್ಬಿಗೆಂದು ಅಂಗಡಿಗೆ ಓಡಬೇಡಿ. ಮೊದಲು ಮಾಳಿಗೆ ಹತ್ತಿ, ನೀರು ಹೋಗುವ ಪೈಪಿನ ಬಾಯಿಗೆ ಎಲೆ ಕಟ್ಟಿದೆಯೇ ನೋಡಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಬಿಸಿಲು ಬಿದ್ದ ದಿನ ತಾಡಪತ್ರಿ ತೆಗೆಯಿರಿ. ಹೊಸ ಗೋಡೆ ಪೂರ್ತಿ ಒಣಗುವವರೆಗೆ ಬೀಗರನ್ನು ಕರೆಯಬೇಡಿ. ಚೀಲ ತುಂಬುವ ಮೊದಲು ಒಂದು ಕಾಳು ಹಲ್ಲಿನಡಿ ಕಡಿದು ಸಪ್ಪಳ ಕೇಳಿ. ಇಷ್ಟೆಲ್ಲ ಮಾಡಿದ ಮೇಲೂ ಅವು ಉಳಿದಿದ್ದರೆ ಬೈಯಲು ಶುರುಮಾಡಿ, ನಾನೂ ದನಿಗೂಡಿಸುತ್ತೇನೆ.